ತಂತ್ರಾಂಶ ಮಾಡಿಸುವಾಗ ಬರೆಸಬೇಕಾದ ಅವಶ್ಯಕತೆ ಪತ್ರಗಳು

ಸಾಫ್ಟ್‌ವೇರ್ ಕಂಪನಿಗಳಲ್ಲಿರುವ ನಮ್ಮ ಮಕ್ಕಳ ಬಾಯಲ್ಲಿ ಬಿ.ಆರ್.ಡಿ., ಎಸ್.ಆರ್.ಎಸ್. ಎಂಬ ಮಾತುಗಳನ್ನು ಅನೇಕರು ಕೇಳಿರುತ್ತೀರಿ. ಈಗ ಶಾಲೆ, ಸಹಕಾರಿ ಸಂಘ, ದೇವಸ್ಥಾನ ಸಮಿತಿಗಳೂ ತಂತ್ರಾಂಶ ಮಾಡಿಸುತ್ತಿವೆ. ಹಣ ಕೊಟ್ಟು ರುಜು ಹಾಕುವವರಿಗೆ ಈ ಪತ್ರಗಳ ಪರಿಚಯ ಇರಬೇಕೆಂದು ಈ ಟಿಪ್ಪಣಿ. ಉದಾಹರಣೆಗೆ ಒಂದು ಸಂಘದ ಸದಸ್ಯರ ರಿಜಿಸ್ಟರನ್ನೇ ಇಟ್ಟುಕೊಳ್ಳೋಣ.

ಮೊದಲನೆಯದು ಬಿ.ಆರ್.ಡಿ., ಅಂದರೆ ವ್ಯವಹಾರದ ಅವಶ್ಯಕತೆ ಪತ್ರ. ಈ ಕೆಲಸ ಏಕೆ ಬೇಕು ಎಂಬುದಷ್ಟೇ ಇಲ್ಲಿನ ಪ್ರಶ್ನೆ. ‘ಹಲವು ರಾಜ್ಯಗಳಲ್ಲಿರುವ ಸದಸ್ಯರ ವಿವರ ಒಂದೇ ಕಡೆ ಸಿಗಬೇಕು, ವಂತಿಗೆ ಬಾಕಿ ಎಷ್ಟೆಂದು ಮಾರ್ಚ್ ಕೊನೆಗೆ ತಿಳಿಯಬೇಕು’ ಎಂಬಂತಹ ಮಾತುಗಳು. ಕಂಪ್ಯೂಟರ್ ಭಾಷೆ ಇದರಲ್ಲಿ ಇರಕೂಡದು. ಇದ್ದರೆ ಕಮಿಟಿಯವರು ಓದದೆ ರುಜು ಹಾಕುತ್ತಾರೆ.

ಎರಡನೆಯದು ಎಸ್.ಆರ್.ಎಸ್., ತಂತ್ರಾಂಶವು ಏನೇನು ಮಾಡಬೇಕೆಂಬ ವಿವರ ಪತ್ರ. ಇದನ್ನು ಹೇಗೆ ಬರೆಯಬೇಕೆಂದು ಅಮೆರಿಕದ ಐ.ಇ.ಇ.ಇ. ಸಂಸ್ಥೆ 1984ರಲ್ಲಿ 830ನೇ ಸಂಖ್ಯೆಯ ಮಾರ್ಗದರ್ಶಿ ಹೊರಡಿಸಿತು. 1998ರಲ್ಲಿ ಅದು ಪರಿಷ್ಕರಣೆಗೊಂಡಿತು. 2011ರಲ್ಲಿ ಅದರ ಜಾಗಕ್ಕೆ 29148 ಎಂಬ ಅಂತರರಾಷ್ಟ್ರೀಯ ಮಾನಕ ಬಂತು. ಈ ಪತ್ರದಲ್ಲಿ ಎರಡು ಭಾಗ. ರಸೀದಿ ಬರಬೇಕು, ಪಟ್ಟಿ ಬರಬೇಕು ಎಂಬ ಕೆಲಸಗಳದ್ದು ಒಂದು. ಎಷ್ಟು ಬೇಗ, ಎಷ್ಟು ಭದ್ರ, ಒಮ್ಮೆಗೆ ಎಷ್ಟು ಜನ, ಯಾವ ಭಾಷೆಯಲ್ಲಿ ಎಂಬ ಗುಣಗಳದ್ದು ಇನ್ನೊಂದು. ಜಗಳ ಹುಟ್ಟುವುದು ಹೆಚ್ಚಾಗಿ ಈ ಎರಡನೆಯ ಭಾಗದಲ್ಲಿ, ಏಕೆಂದರೆ ಅದನ್ನು ಬರೆಯುವವರೇ ಕಡಿಮೆ.

‘ಕನ್ನಡದಲ್ಲಿ ಇರಬೇಕು’ ಎಂದು ಒಂದು ಸಾಲು ಬರೆದರೆ ಏನೂ ಬರೆದಂತಾಗುವುದಿಲ್ಲ. ಗುಂಡಿಗಳ ಮೇಲಿನ ಪದ ಮಾತ್ರ ಕನ್ನಡವೋ, ಸದಸ್ಯರ ಹೆಸರೂ ಕನ್ನಡವೋ? ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದೆ. ಆದರೂ ಹಳೆಯ ಫಾಂಟಿನ ಸಂಕೇತದಲ್ಲಿ ಕೂಡಿಸಿಟ್ಟ ಪಟ್ಟಿಗಳು ಇನ್ನೂ ಉಳಿದಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಅಕಾರಾದಿಯದ್ದು ಇನ್ನೊಂದು ತೊಡಕು. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಗೆ, ‘ಹ’ದ ನಂತರ. ಯುನಿಕೋಡ್ ಸಂಖ್ಯೆಯಲ್ಲಾದರೆ ‘ಳ’ ಇರುವುದು ‘ವ’ಕ್ಕಿಂತ ಮೊದಲು. ಬರೀ ಆ ಸಂಖ್ಯೆಯ ಮೇಲೆ ಪಟ್ಟಿ ಜೋಡಿಸಿದರೆ ಕಾವೇರಮ್ಮನವರಿಗಿಂತ ಮೊದಲು ಕಾಳಪ್ಪನವರು ಬರುತ್ತಾರೆ. ಆದ್ದರಿಂದ ಹೀಗೆ ಬರೆಸಿ: ‘ಹೆಸರುಗಳನ್ನು ಯುನಿಕೋಡ್ ಕನ್ನಡದಲ್ಲಿ ಉಳಿಸಬೇಕು. ಕನ್ನಡದಲ್ಲಿ ಹುಡುಕಿದರೆ ಸಿಗಬೇಕು. ಪಟ್ಟಿ ಕನ್ನಡ ವರ್ಣಮಾಲೆಯ ಕ್ರಮದಲ್ಲಿ ಮುದ್ರಣವಾಗಬೇಕು. ವಿಳಾಸದಲ್ಲಿ ಭಾರತದ ಎಲ್ಲ ರಾಜ್ಯಗಳನ್ನೂ ಆರಿಸಲು ಬರಬೇಕು.’ ಇವು ನಾಲ್ಕನ್ನೂ ಎದುರಿಗೆ ಕೂತು ಪರೀಕ್ಷಿಸಿ ನೋಡಬಹುದು. ಕೊನೆಯದನ್ನು ಬಿಟ್ಟರೆ ಕಾಸರಗೋಡು, ಅಕ್ಕಲಕೋಟೆಯವರು ವಿಳಾಸ ತುಂಬುವಾಗ ಸಿಕ್ಕಿಬೀಳುತ್ತಾರೆ.

ಎಫ್.ಆರ್.ಎಸ್. ಎಂಬುದು ಪರದೆ ಪರದೆಯ ವಿವರ: ಯಾವ ಗುಂಡಿ ಒತ್ತಿದರೆ ಏನಾಗಬೇಕು, ತಪ್ಪು ತುಂಬಿದರೆ ಯಾವ ಸೂಚನೆ ಬರಬೇಕು. ಕೆಲವು ಕಂಪನಿಗಳಲ್ಲಿ ಇದು ಎಸ್.ಆರ್.ಎಸ್. ಒಳಗೇ ಸೇರಿರುತ್ತದೆ.

ಬಳಕೆದಾರ ಮಾಡುವುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುವ ಬರಹಕ್ಕೆ ಯೂಸ್ ಕೇಸ್ ಎನ್ನುತ್ತಾರೆ. ಇದನ್ನು ರೂಢಿಗೆ ತಂದವರು ಸ್ವೀಡನ್ನಿನ ಐವರ್ ಜೇಕಬ್ಸನ್. ಯೂಸರ್ ಸ್ಟೋರಿ ಇನ್ನೂ ಚಿಕ್ಕದು, ಒಂದು ಕಾರ್ಡಿನ ಮೇಲೆ ಹಿಡಿಸುವಷ್ಟು: ‘ಖಜಾಂಚಿಯಾದ ನನಗೆ ಬಾಕಿದಾರರ ಪಟ್ಟಿ ಬೇಕು, ನೆನಪೋಲೆ ಕಳಿಸಲು.’ ಕೆಂಟ್ ಬೆಕ್ ಅವರ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಪದ್ಧತಿಯಿಂದ ಬಂದದ್ದು ಇದು. 2001ರ ಅಜೈಲ್ ಪ್ರಣಾಳಿಕೆಯ ನಂತರ ಎಲ್ಲೆಡೆ ಹರಡಿತು. ಮಾಡಿಸುವವರೂ ಮಾಡುವವರೂ ದಿನಾ ಮಾತಾಡುವಂತಿದ್ದರೆ ಕಾರ್ಡು ಸಾಕು. ಮಾಡಿಸುವವರು ಜತ್ತಿನಲ್ಲಿ, ಮಾಡುವವರು ಬೆಂಗಳೂರಿನಲ್ಲಿ ಇದ್ದರೆ ಸಾಲದೆಂದು ನನ್ನ ಅಭಿಪ್ರಾಯ. ಪ್ರತಿ ಕಾರ್ಡಿನ ಹಿಂದೆ ಒಪ್ಪಿಗೆಯ ಷರತ್ತುಗಳನ್ನಾದರೂ ಬರೆಸಿಕೊಳ್ಳಿ.

ಒಂದು ತಂತ್ರಾಂಶ ಇನ್ನೊಂದಕ್ಕೆ ಮಾಹಿತಿ ಕೊಡುವುದಿದ್ದರೆ ಇಂಟರ್‌ಫೇಸ್ ಪತ್ರ ಬೇಕು. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯ ವಿಷಯದಲ್ಲಿ ಇಂತಹ ಪತ್ರ ಇತ್ತು. ಎಂಜಿನ್ನಿನ ತಳ್ಳುವಿಕೆಯ ಲೆಕ್ಕ ನ್ಯೂಟನ್-ಸೆಕೆಂಡಿನಲ್ಲಿರಬೇಕೆಂದು ಅದರಲ್ಲಿ ಸರಿಯಾಗಿಯೇ ಬರೆದಿತ್ತು. ಆದರೆ ಲಾಕ್‌ಹೀಡ್ ಮಾರ್ಟಿನ್ ಕಂಪನಿ ಒದಗಿಸಿದ ಭೂಕೇಂದ್ರದ ತಂತ್ರಾಂಶ ಪೌಂಡ್-ಸೆಕೆಂಡಿನಲ್ಲಿ ಲೆಕ್ಕ ಕೊಡುತ್ತಿತ್ತು. ಒಂದಕ್ಕೆ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಪತ್ರದೊಂದಿಗೆ ತಾಳೆ ನೋಡುವ ಪರೀಕ್ಷೆ ಸರಿಯಾಗಿ ನಡೆಯಲಿಲ್ಲ. ಮಂಗಳದಿಂದ 226 ಕಿ.ಮೀ. ಎತ್ತರದಲ್ಲಿ ಹಾಯಬೇಕಿದ್ದ ನೌಕೆ ಸುಮಾರು 57 ಕಿ.ಮೀ.ಗೆ ಇಳಿದು 1999ರ ಸೆಪ್ಟೆಂಬರ್ 23ರಂದು ನಾಶವಾಯಿತು.

ಅದಕ್ಕೇ ಟ್ರೇಸಬಿಲಿಟಿ ಪಟ್ಟಿ ಎಂಬ ಇನ್ನೊಂದು ಕಾಗದ ಇರುವುದು. ನಮ್ಮ ಆವಕ-ಜಾವಕ ವಹಿ ಇದ್ದಂತೆ. ಪ್ರತಿ ಅವಶ್ಯಕತೆಗೂ ಒಂದು ಕ್ರಮಸಂಖ್ಯೆ, ಅದರ ಎದುರಿಗೆ ಯಾವ ಪರೀಕ್ಷೆಯಿಂದ ಅದನ್ನು ನೋಡಿದರು, ಫಲವೇನು ಎಂಬ ಷರಾ. ಕೊನೆಯ ಕಂತಿನ ಹಣ ಕೊಡುವ ಮುನ್ನ ಈ ಪಟ್ಟಿಯನ್ನು ಕೇಳಿ ಪಡೆಯಿರಿ.

ರುಜು ಆದಮೇಲೆ ಹೊಸದೇನಾದರೂ ಬೇಕೆನಿಸಿದರೆ ಬದಲಾವಣೆ ಕೋರಿಕೆ ಪತ್ರ ಬರೆಯಬೇಕು. ಹೆಚ್ಚುವರಿ ಖರ್ಚು ಎಷ್ಟು, ಎಷ್ಟು ದಿನ ಎಂಬುದು ಅದರಲ್ಲೇ ಇರಬೇಕು, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಪ್ರತಿ ಪತ್ರದ ಮೊದಲ ಪುಟದಲ್ಲಿ ಆವೃತ್ತಿ ಸಂಖ್ಯೆ, ದಿನಾಂಕ ಹಾಕಿಸಿ, ಇಬ್ಬರೂ ರುಜು ಮಾಡಿದ ಒಂದು ಪ್ರತಿಯನ್ನು ಸಂಘದ ಕಡತದಲ್ಲಿಡಿ.