ಬಿಟ್ಟಲ್ಸ್, ಅಲನ್ ಎಚ್.

ಮಾನವ ತಳಿವಿಜ್ಞಾನಿ. ರಕ್ತಸಂಬಂಧದ ಮದುವೆಗೂ ಸಂತಾನ, ಶಿಶು ಆರೋಗ್ಯಗಳಿಗೂ ಇರುವ ನಂಟನ್ನು ಅಧ್ಯಯನ ಮಾಡಿದವರಲ್ಲಿ ಪ್ರಮುಖರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ, ಅನಂತರ ಪರ್ತ್‌ನ ಎಡಿತ್ ಕೋವನ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರೊಡನೆ 1980ರ ದಶಕದ ಬೆಂಗಳೂರು, ಮೈಸೂರುಗಳ ಮದುವೆ ಮತ್ತು ಹೆರಿಗೆಗಳ ಮಾಹಿತಿಯನ್ನು ವಿಶ್ಲೇಷಿಸಿದರು. ಈ ವಿಷಯದ ಇವರ ಸಹಲೇಖನ 1991ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತು.

ರಕ್ತಸಂಬಂಧದ ಮದುವೆಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದೂ ಒಂದು. ಅಂಥ ದಂಪತಿಯ ಮಗುವಿನಲ್ಲಿ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಂದೇ ಪೂರ್ವಜರಿಂದ ಬಂದಿರುವ ಸಂಭವ 8ರಲ್ಲಿ 1. ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ಮದುವೆಯಾದರೆ ಅದು 16ರಲ್ಲಿ 1. ಶಿಶುಮರಣಕ್ಕೆ ಬಡತನ, ತಾಯಿಯ ವಯಸ್ಸು, ಶಿಕ್ಷಣಗಳೂ ಕಾರಣವಾಗುವುದರಿಂದ ಅವನ್ನು ಬೇರ್ಪಡಿಸಿ ಅಳೆಯಬೇಕೆಂಬುದು ಬಿಟ್ಟಲ್ಸ್ ಅವರ ನಿಲುವು. ಪ್ರಮುಖ ಕೃತಿ: ‘ಕಾನ್‌ಸ್ಯಾಂಗ್ವಿನಿಟಿ ಇನ್ ಕಾಂಟೆಕ್ಸ್ಟ್’ (2012).