ಒಂದರಿಂದ ಐದು: ಅಮೆರಿಕದ ರಾಜ್ಯಶಾಸ್ತ್ರ ಪರೀಕ್ಷೆಯೊಂದರ ಅಂಕಗಣನೆ

ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜು ಮಟ್ಟದ ಪಾಠವನ್ನು ಓದಿ, ಅದರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮುಂದೆ ಕಾಲೇಜಿನಲ್ಲಿ ಅದೇ ಪಾಠವನ್ನು ಮತ್ತೆ ಓದದಂತೆ ವಿನಾಯಿತಿ ಪಡೆಯುವ ಅಮೆರಿಕದ ಏರ್ಪಾಟಿಗೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಎ.ಪಿ., ಎಂದು ಹೆಸರು. 1950ರ ದಶಕದ ಮೊದಲ ವರ್ಷಗಳಲ್ಲಿ ಫೋರ್ಡ್ ಪ್ರತಿಷ್ಠಾನದ ಹಣದಿಂದ ನಡೆದ ಪ್ರಯೋಗಗಳಲ್ಲಿ ಇದರ ಬೇರುಗಳಿವೆ. 1955ರಲ್ಲಿ ಇದನ್ನು ವಹಿಸಿಕೊಂಡ ಕಾಲೇಜ್ ಬೋರ್ಡ್ ಮರುವರ್ಷ ನಡೆಸಿದ ಪರೀಕ್ಷೆಗಳಿಗೆ ಕುಳಿತವರು 1,229 ಮಂದಿ. ಸರ್ಕಾರ ಮತ್ತು ರಾಜಕೀಯ ಎಂಬ ವಿಷಯ ಈ ಪಟ್ಟಿಗೆ ಸೇರಿದ್ದು ಬಹಳ ತಡವಾಗಿ, 1987ರಲ್ಲಿ.

ಈ ಪರೀಕ್ಷೆಯ ಫಲಿತಾಂಶ 1ರಿಂದ 5ರ ವರೆಗಿನ ಒಂದೇ ಅಂಕಿಯಲ್ಲಿ ಬರುತ್ತದೆ. 5 ಎಂದರೆ ಕಾಲೇಜಿನ ವಿನಾಯಿತಿಗೆ ಅತ್ಯಂತ ಅರ್ಹ, 3 ಎಂದರೆ ಅರ್ಹ, 1 ಎಂದರೆ ಯಾವ ಶಿಫಾರಸೂ ಇಲ್ಲ. ಬಹುಕಾಲ ನೂರಕ್ಕೆ 35 ಎಂಬ ಗೆರೆಯನ್ನು ಪರೀಕ್ಷೆಗೆ ಮೊದಲೇ ಎಳೆದಿಟ್ಟುಕೊಂಡು ಬಂದ ಕರ್ನಾಟಕದ ಎಸ್‌ಎಸ್‌ಎಲ್‌ಸಿಗೆ ಒಗ್ಗಿದ ಕಣ್ಣಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಈ ಅಂಕಿಯು ವಿದ್ಯಾರ್ಥಿ ಗಳಿಸಿದ ಅಂಕಗಳ ಮೊತ್ತವಲ್ಲ. ಅವನು ಕಾಲೇಜಿನ ತರಗತಿಯಲ್ಲಿ ಕುಳಿತಿದ್ದರೆ ಎಂಥ ದರ್ಜೆ ಪಡೆಯುತ್ತಿದ್ದ ಎಂಬುದರ ಅಂದಾಜು.

ಮೊತ್ತ ಕೂಡುವ ಕ್ರಮವೂ ಒಂದೇ ರೀತಿ ಉಳಿದಿಲ್ಲ. ಹಿಂದೆ ಬಹು ಆಯ್ಕೆಯ 60 ಪ್ರಶ್ನೆಗಳಿಗೆ 45 ನಿಮಿಷಗಳಿದ್ದು, ಊಹಿಸಿ ಗುರುತು ಹಾಕುವುದನ್ನು ತಡೆಯಲು ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಿದ್ದರು. 2011ರಲ್ಲಿ ಆ ದಂಡ ರದ್ದಾಯಿತು. 2019ರಲ್ಲಿ ಜಾರಿಗೆ ಬಂದ ಹೊಸ ಸ್ವರೂಪದಲ್ಲಿ ಯಂತ್ರ ತಿದ್ದುವ 55 ಪ್ರಶ್ನೆಗಳಿಗೆ ಅರ್ಧ ಪಾಲು, ಬರೆದು ಉತ್ತರಿಸುವ ನಾಲ್ಕು ಪ್ರಶ್ನೆಗಳಿಗೆ ಇನ್ನರ್ಧ. ಈ ನಾಲ್ಕರ ತೂಕ ಸಮ, ತಲಾ ಶೇಕಡ 12.5, ಆದರೆ ಪರಿಕಲ್ಪನೆಯನ್ನು ಸನ್ನಿವೇಶಕ್ಕೆ ಅನ್ವಯಿಸುವ ಮೊದಲ ಪ್ರಶ್ನೆಗೆ 3 ಅಂಕ, ಅಂಕಿಅಂಶಗಳ ವಿಶ್ಲೇಷಣೆಗೂ ಸುಪ್ರೀಂ ಕೋರ್ಟ್ ತೀರ್ಪುಗಳ ಹೋಲಿಕೆಗೂ 4, ವಾದ ಮಂಡಿಸುವ ಪ್ರಬಂಧಕ್ಕೆ 6. ಹೀಗಾಗಿ ಮೊದಲ ಪ್ರಶ್ನೆಯ ಒಂದು ಅಂಕವು ಪ್ರಬಂಧದ ಎರಡು ಅಂಕಗಳಿಗೆ ಸಮ. ಪ್ರಬಂಧದ ಆರರಲ್ಲಿ ಮೂರು ಸಾಕ್ಷ್ಯಕ್ಕೆ ಮೀಸಲು. ಉಳಿದವು ನಿಲುವಿನ ಸ್ಪಷ್ಟ ಪ್ರತಿಪಾದನೆಗೆ, ತರ್ಕಕ್ಕೆ ಮತ್ತು ಎದುರುವಾದಕ್ಕೆ ಕೊಡುವ ಉತ್ತರಕ್ಕೆ ಒಂದೊಂದು. ಭಾಷೆಯ ಸೊಗಸಿಗೆ ಅಂಕವಿಲ್ಲ ಎಂಬುದು ಪ್ರಬಂಧವೆಂಬ ಹೆಸರಿಗೆ ಸ್ವಲ್ಪ ಅನ್ಯಾಯವೇ ಸರಿ.

ಬರಹದ ಉತ್ತರಗಳನ್ನು ಕಾಲೇಜು ಅಧ್ಯಾಪಕರೂ ಅನುಭವಿ ಎ.ಪಿ. ಶಿಕ್ಷಕರೂ ಜೂನ್ ತಿಂಗಳಲ್ಲಿ ತಿದ್ದುತ್ತಾರೆ. ಮುಖ್ಯ ಮೌಲ್ಯಮಾಪಕರು ಆರಿಸಿದ ಮಾದರಿ ಉತ್ತರಗಳ ಮೇಲೆ ಎಲ್ಲರ ಕೈ ಒಂದೇ ಹದಕ್ಕೆ ಬಂದ ಮೇಲೆಯೇ ನಿಜವಾದ ತಿದ್ದುವಿಕೆ ಆರಂಭವಾಗುತ್ತದೆ.

ಇಷ್ಟೆಲ್ಲ ಎಚ್ಚರದಿಂದ ಕೂಡಿದ ಮೊತ್ತವನ್ನು 1ರಿಂದ 5ಕ್ಕೆ ಇಳಿಸುವ ಗೆರೆ ಎಲ್ಲಿರಬೇಕೆಂಬುದೇ ಈ ಚರಿತ್ರೆಯ ವಿವಾದಾಸ್ಪದ ಭಾಗ. ಹಿಂದೆ ಎ.ಪಿ. ಪ್ರಶ್ನೆಗಳನ್ನು ಕಾಲೇಜು ವಿದ್ಯಾರ್ಥಿಗಳಿಗೇ ಕೊಟ್ಟು, ಅವರ ಅಂಕಗಳನ್ನು ಅವರ ತರಗತಿಯ ದರ್ಜೆಯೊಡನೆ ಹೋಲಿಸಿ ಗೆರೆ ಎಳೆಯುತ್ತಿದ್ದರು; ಆಮೇಲೆ ಅಧ್ಯಾಪಕರ ಸಮಿತಿಗಳ ತೀರ್ಮಾನಕ್ಕೆ ಪ್ರಾಶಸ್ತ್ಯ ಬಂತು; ಇತ್ತೀಚೆಗೆ ದೊಡ್ಡ ಪ್ರಮಾಣದ ದತ್ತಾಂಶವನ್ನು ಆಧರಿಸಿ ಗೆರೆಗಳನ್ನು ಮತ್ತೆ ನಿಗದಿ ಮಾಡಲಾಗಿದೆ. ಸರ್ಕಾರ ಮತ್ತು ರಾಜಕೀಯ ವಿಷಯದಲ್ಲಿ ಈ ಮರುನಿಗದಿ ನಡೆದ 2024ರಲ್ಲಿ, 3 ಅಥವಾ ಅದಕ್ಕೂ ಮೇಲಿನ ಅಂಕಿ ಪಡೆದವರ ಪ್ರಮಾಣ ಹಿಂದಿನ ವರ್ಷದ ಸುಮಾರು ಶೇಕಡ 49ರಿಂದ ಸುಮಾರು 73ಕ್ಕೆ ಜಿಗಿಯಿತು. ಕಾಲೇಜುಗಳು ಕೊಡುವ ದರ್ಜೆಗಿಂತ ಎ.ಪಿ. ಅಂಕಿ ಬಿಗಿಯಾಗಿತ್ತು, ಅದನ್ನು ಸರಿಪಡಿಸಲಾಗಿದೆ ಎಂಬುದು ಬೋರ್ಡಿನ ಸಮಜಾಯಿಷಿ; ಕಾಲೇಜುಗಳೇ ದರ್ಜೆಗಳನ್ನು ಉದಾರವಾಗಿ ಹಂಚುತ್ತಿರುವಾಗ ಅವುಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ಹೇಗೆಂಬುದು ಟೀಕಾಕಾರರ ಪ್ರಶ್ನೆ. ಯಾರ ವಾದ ಗಟ್ಟಿಯೇ ಇರಲಿ, ಒಂದೇ ವರ್ಷದಲ್ಲಿ ದೇಶದ ಮಕ್ಕಳೆಲ್ಲ ಅಷ್ಟೊಂದು ಜಾಣರಾದರೆಂದು ನಂಬಲಾಗದು; 2023ರ 3 ಮತ್ತು 2024ರ 3 ಒಂದೇ ತೂಕದವಲ್ಲ.