ಕ್ಯಾಮೆರಾಕ್ಕೆ ಕರೆಂಟು ಬೇಕಾದ ಕಥೆ

ಹೊರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಪತ್ರ ಬರೆದಿದ್ದ. ಬರುವ ಬೇಸಿಗೆಯಲ್ಲಿ ಬ್ರಹ್ಮಾವರದ ಸಮೀಪದ ಅವರ ಮೂಲಮನೆಯಲ್ಲಿ ನಾಗಮಂಡಲವಂತೆ. ಅದನ್ನು ಚಿತ್ರಗಳಲ್ಲಿ ಉಳಿಸಿಕೊಳ್ಳಬೇಕೆಂದು ಮೀಡಿಯಂ ಫಾರ್ಮ್ಯಾಟ್ ಡಿಜಿಟಲ್ ಕ್ಯಾಮೆರಾವೊಂದನ್ನು ಕೊಂಡಿದ್ದಾನೆ. ಪತ್ರದ ಕೊನೆಯಲ್ಲಿ ಊರ ಭಾಷೆಯಲ್ಲೇ ಒಂದು ಪ್ರಶ್ನೆ: "ರಾತ್ರಿ ಕರೆಂಟ್ ಹೋರೆ ಎಂತ ಮಾಡುದ್ ಮಾಷ್ಟ್ರೇ?" ಅವನಿಗೆ ಬರೆದ ಉತ್ತರವನ್ನು ಕೊಂಚ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆಯ ಹಿಂದೆ ನಮ್ಮ ಊರಿನದೇ ಆದ ಒಂದು ಇತಿಹಾಸವಿದೆ.

ಮೊದಲಿಗೆ ಹೆಸರಿನ ಅರ್ಥವನ್ನು ನೋಡೋಣ. 1901ರಲ್ಲಿ ಕೊಡಾಕ್ ಕಂಪೆನಿಯು 120 ಎಂಬ ಸಂಖ್ಯೆಯ ಸುರುಳಿ ಫಿಲ್ಮನ್ನು ಮಾರುಕಟ್ಟೆಗೆ ತಂದಿತು. ಸುಮಾರು ಆರು ಸೆಂಟಿಮೀಟರ್ ಅಗಲದ ಈ ಫಿಲ್ಮನ್ನು ಬಳಸುವ ಕ್ಯಾಮೆರಾಗಳಿಗೆ ಮುಂದೆ 'ಮಧ್ಯಮ ಗಾತ್ರ' ಎಂಬ ಹೆಸರು ನಿಂತಿತು. ನಮ್ಮ ಪೇಟೆಗಳ ಸ್ಟುಡಿಯೋಗಳಲ್ಲಿದ್ದ ಎರಡು ಕಣ್ಣಿನ ಯಾಶಿಕಾ ಈ ಜಾತಿಯದು. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಕೂಡ ಇದೇ ಫಿಲ್ಮಿನ ಕ್ಯಾಮೆರಾ. ಒಂದು ಸುರುಳಿಗೆ ಹನ್ನೆರಡು ಚೌಕಾಕಾರದ ಚಿತ್ರಗಳು. ಇವುಗಳಲ್ಲಿ ಬ್ಯಾಟರಿ ಇರಲಿಲ್ಲ. ಸ್ಪ್ರಿಂಗಿನ ಬಲದಿಂದ ಶಟರ್ ತೆರೆದು ಮುಚ್ಚುತ್ತಿತ್ತು. ಉಳಿದ ಕೆಲಸವನ್ನು ಫಿಲ್ಮಿಗೆ ಲೇಪಿಸಿದ ಬೆಳ್ಳಿಯ ಲವಣವೂ ಬೆಳಕೂ ಸೇರಿ ಮಾಡುತ್ತಿದ್ದವು. ಕ್ಯಾಮೆರಾ ತಾನಾಗಿ ಏನನ್ನೂ ಉಣ್ಣುತ್ತಿರಲಿಲ್ಲ; ಅದಕ್ಕೆ ಬೇಕಾದದ್ದು ಬಿಸಿಲು ಮಾತ್ರ.

ಈ ಮಾತಿಗೆ ಸಾಕ್ಷಿ ನಿಮ್ಮ ನಿಮ್ಮ ಮನೆಗಳಲ್ಲೇ ಇದೆ. ಹಳೆಯ ಆಲ್ಬಮ್ಮನ್ನು ತೆರೆದು ನೋಡಿ. ಅಂಗಳದಲ್ಲಿ ಕುರ್ಚಿ ಹಾಕಿ, ಹಿರಿಯರನ್ನು ಕುಳ್ಳಿರಿಸಿ, ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡ ಮಕ್ಕಳನ್ನು ಹಿಂದೆ ನಿಲ್ಲಿಸಿದ ಚಿತ್ರಗಳೇ ಹೆಚ್ಚು. ಆದರೆ ಕರಾವಳಿಯ ಬದುಕಿನ ವೈಭವವೆಲ್ಲ ನಡೆದದ್ದು ಇರುಳಿನಲ್ಲಿ. ಬಯಲಾಟ, ಕೋಲ, ಢಕ್ಕೆಬಲಿ, ನಾಗಮಂಡಲ ಎಲ್ಲವೂ ರಾತ್ರಿಯವು. ಅವುಗಳ ಹಳೆಯ ಚಿತ್ರಗಳು ಬೆರಳೆಣಿಕೆಯಷ್ಟೂ ಸಿಕ್ಕುವುದಿಲ್ಲ. ನಮ್ಮ ಅಜ್ಜಂದಿರಿಗೆ ಆಸಕ್ತಿ ಇರಲಿಲ್ಲವೆಂದಲ್ಲ. ಕ್ಯಾಮೆರಾಕ್ಕೆ ಕತ್ತಲೆಯಲ್ಲಿ ಕಣ್ಣು ಕಾಣುತ್ತಿರಲಿಲ್ಲ.

ಬಯಲಾಟಕ್ಕೆ ಮೊದಲು ದೀವಟಿಗೆಯ ಬೆಳಕಿತ್ತು, ಬಳಿಕ ಗ್ಯಾಸ್‌ಲೈಟು ಬಂತು. ಅಟ್ಟೆಯ ಹೊನ್ನಿನ ಬಣ್ಣ ಮಿನುಗಲು ದೀವಟಿಗೆಯೇ ಸಾಕು. ಅಂದಿನ ಫಿಲ್ಮಿಗೆ ಸಾಲದು. ಪಾಶ್ಚಾತ್ಯರು ಇದಕ್ಕೆ ಉಪಾಯ ಹುಡುಕುತ್ತಲೇ ಇದ್ದರು. 1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಬೆರೆಸಿದ ಹೊಳಪುಪುಡಿ ಸಿದ್ಧವಾಯಿತು. ಅದನ್ನು ಸುಟ್ಟರೆ ಬೆಳಕಿನೊಡನೆ ಹೊಗೆಯೂ ಅಪಾಯವೂ ಬರುತ್ತಿದ್ದವು. 1929ರ ಸುಮಾರಿಗೆ ಅದೇ ದೇಶದಲ್ಲಿ ಫ್ಲ್ಯಾಶ್ ಬಲ್ಬು ಬಂದಿತು. ಒಂದು ಚಿತ್ರಕ್ಕೆ ಒಂದು ಬಲ್ಬು, ಉರಿದ ಮೇಲೆ ಎಸೆಯಬೇಕು. 1931ರಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಅವರು ವಿದ್ಯುತ್ತನ್ನು ಕೂಡಿಟ್ಟು ಕ್ಷಣಮಾತ್ರದಲ್ಲಿ ಹೊರಬಿಡುವ ಎಲೆಕ್ಟ್ರಾನಿಕ್ ಮಿಂಚನ್ನು ರೂಪಿಸಿದರು. ಮದುವೆಮನೆಗೆ ಬರುವ ಫೋಟೋಗ್ರಾಫರರ ಹೆಗಲಿಗೆ ಬ್ಯಾಟರಿ ಪೆಟ್ಟಿಗೆ ಏರಿದ್ದು ಇದರ ಫಲ. ಗಮನಿಸಿ: ಆಗಲೂ ವಿದ್ಯುತ್ತು ಬೇಕಾದದ್ದು ಬೆಳಕಿಗೇ ಹೊರತು ಕ್ಯಾಮೆರಾಕ್ಕಲ್ಲ.

ಇನ್ನು ನಮ್ಮ ನಾಡಿನ ವಿದ್ಯುತ್ತಿನ ಮಾತು. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅದೇ ವರ್ಷ ನಮ್ಮ ಕೋಟದಲ್ಲಿ ಶಿವರಾಮ ಕಾರಂತರು ಜನಿಸಿದರು. ಆದರೆ ಶಿವನಸಮುದ್ರ ಮೈಸೂರು ಸಂಸ್ಥಾನದ್ದು. ನಾವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದವರು. ಘಟ್ಟದ ಮೇಲೆ ಜೋಗದಲ್ಲಿ 1948ರಲ್ಲಿ ವಿದ್ಯುತ್ತು ಉತ್ಪಾದನೆಯಾದಾಗಲೂ ನಾವು ಬೇರೆ ರಾಜ್ಯದವರೇ. 1956ರ ನವೆಂಬರ್ 1ರಂದು ಏಕೀಕರಣವಾದ ಮೇಲೆ ನಾವು ಒಂದೇ ಸೂರಿನಡಿ ಬಂದೆವು. 1989ರಲ್ಲಿ ಕುಂದಾಪುರ ತಾಲೂಕಿನ ಹೊಸಂಗಡಿಯಲ್ಲಿ, ವಾರಾಹಿಯ ನೀರಿನಿಂದ ನಡೆಯುವ ನೆಲದಡಿಯ ವಿದ್ಯುದಾಗಾರ ಕೆಲಸ ಆರಂಭಿಸಿತು. 2009ರಲ್ಲಿ ಇನ್ನೆರಡು ಘಟಕಗಳು ಸೇರಿ ಅದರ ಸಾಮರ್ಥ್ಯ 460 ಮೆಗಾವಾಟ್ ಆಯಿತು.

ವಿದ್ಯುತ್ತು ಕ್ಯಾಮೆರಾದ ಒಳಗೇ ಹೊಕ್ಕ ಕಥೆ ಬೇರೆ. ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್ ಕಂಪೆನಿ 1957ರಲ್ಲಿ ತಂದ 500ಸಿ ಎಂಬ ಮಧ್ಯಮ ಗಾತ್ರದ ಕ್ಯಾಮೆರಾ ಪೂರ್ತಿ ಯಾಂತ್ರಿಕ. 1965ರಲ್ಲಿ ಅದಕ್ಕೊಂದು ಮೋಟಾರು, ಮೋಟಾರಿಗೊಂದು ಬ್ಯಾಟರಿ ಸೇರಿತು. 1969ರಲ್ಲಿ ಚಂದ್ರನ ಮೇಲೆ ನಡೆದವರ ಕೈಯಲ್ಲಿದ್ದದ್ದು ಇಂತಹ ಮೋಟಾರಿನ ಕ್ಯಾಮೆರಾವೇ. ದಪ್ಪ ಕೈಗವಸು ತೊಟ್ಟವರು ಫಿಲ್ಮನ್ನು ತಿರುಗಿಸುವುದು ಹೇಗೆ? ಮರಳುವಾಗ ಭಾರ ಇಳಿಸಲು ಕ್ಯಾಮೆರಾವನ್ನು ಅಲ್ಲೇ ಬಿಟ್ಟು, ಫಿಲ್ಮಿನ ಪೆಟ್ಟಿಗೆಯನ್ನಷ್ಟೇ ತಂದರು.

1991ರಲ್ಲಿ ಲೀಫ್ ಎಂಬ ಸಂಸ್ಥೆ ಫಿಲ್ಮಿನ ಜಾಗದಲ್ಲಿ ಸಂವೇದಕವನ್ನಿಟ್ಟ ಡಿಜಿಟಲ್ ಬೆನ್ನುಭಾಗವನ್ನು ತಂದಿತು. 40 ಲಕ್ಷ ಬಿಂದುಗಳ ಅದನ್ನು ತಂತಿಯಿಂದ ಕಂಪ್ಯೂಟರಿಗೆ ಕಟ್ಟಿಯೇ ಬಳಸಬೇಕಿತ್ತು. ಸ್ಟುಡಿಯೋದ ಹೊರಗೆ ಒಯ್ಯುವಂತಿರಲಿಲ್ಲ. ಅದೇ 1991ರಲ್ಲಿ ಸೋನಿ ಕಂಪೆನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರಾಟಕ್ಕೆ ಬಿಟ್ಟಿತು. ಈ ಬ್ಯಾಟರಿಯ ಹಿಂದಿನ ವಿಜ್ಞಾನಕ್ಕಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಅವರಿಗೆ 2019ರ ನೊಬೆಲ್ ಪ್ರಶಸ್ತಿ ಸಂದಿತು. ಒಂದೇ ವರ್ಷ ಲೋಕಕ್ಕೆ ಬಂದ ಈ ಎರಡು ವಸ್ತುಗಳು ಕೂಡಿದ್ದರಿಂದಲೇ 2016ರ ಹ್ಯಾಸೆಲ್‌ಬ್ಲಾಡ್ ಎಕ್ಸ್1ಡಿ, 2017ರ ಫ್ಯೂಜಿಫಿಲ್ಮ್ ಜಿಎಫ್ಎಕ್ಸ್ 50ಎಸ್ ಮುಂತಾದ, ಕನ್ನಡಿಯಿಲ್ಲದ ಹಗುರ ಕ್ಯಾಮೆರಾಗಳು ಸಾಧ್ಯವಾದವು. ಇವುಗಳ ಸಂವೇದಕ 43.8 × 32.9 ಮಿಲಿಮೀಟರಿನದು, ಸಾಧಾರಣ 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿಗಿಂತ ಒಂದೂಮುಕ್ಕಾಲು ಪಾಲಿನಷ್ಟು ದೊಡ್ಡದು. ಮಂದ ಬೆಳಕಿನಲ್ಲೂ ಮಂಡಲದ ಐದು ಬಣ್ಣಗಳನ್ನು ಬೇರೆ ಬೇರೆಯಾಗಿ ಹಿಡಿಯಬಲ್ಲದು. ಪಾತ್ರಿಯ ಕಣ್ಣಿಗೆ ಫ್ಲ್ಯಾಶ್ ಹೊಡೆಯುವ ಅವಿವೇಕದ ಅಗತ್ಯ ಈಗಿಲ್ಲ.

ಆದರೆ ಇದಕ್ಕೆ ತೆರಬೇಕಾದ ಬೆಲೆಯಿದೆ. ಈ ಕ್ಯಾಮೆರಾ ಬ್ಯಾಟರಿ ಇಲ್ಲದೆ ಒಂದು ರೆಪ್ಪೆಯನ್ನೂ ಬಡಿಯದು. ಸಂವೇದಕ, ಕಣ್ಣಿಟ್ಟು ನೋಡುವ ಪುಟ್ಟ ಪರದೆ, ಲಕ್ಷಾಂತರ ಬಿಂದುಗಳ ಲೆಕ್ಕ, ಕಾರ್ಡಿಗೆ ಬರೆಯುವ ಕೆಲಸ ಎಲ್ಲಕ್ಕೂ ವಿದ್ಯುತ್ತು ಬೇಕು. ಚಿತ್ರ ತೆಗೆಯದೆ ಸುಮ್ಮನೆ ಕಾಯುತ್ತಿದ್ದರೂ ಖರ್ಚಾಗುತ್ತಲೇ ಇರುತ್ತದೆ.

ನೀವೆಲ್ಲ ನನ್ನ ತರಗತಿಯಲ್ಲಿ ಕುಳಿತವರಾದ್ದರಿಂದ ಒಂದು ಲೆಕ್ಕ ಮಾಡೋಣ. 2021ರ ಜಿಎಫ್ಎಕ್ಸ್ 100ಎಸ್ ಕ್ಯಾಮೆರಾದ ಬ್ಯಾಟರಿ 16 ವಾಟ್-ಗಂಟೆಯದು. ಕಂಪೆನಿಯ ಅಳತೆಯಂತೆ ಒಮ್ಮೆ ತುಂಬಿದರೆ ಸುಮಾರು 460 ಚಿತ್ರಗಳು. ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ಎಂಟು ಗಂಟೆ. ನಿಮಿಷಕ್ಕೊಂದರಂತೆ ತೆಗೆದರೂ 480. ಒಂದು ಬ್ಯಾಟರಿ ಸಾಲದು. ಇನ್ನೊಂದು ಲೆಕ್ಕ: ವಾರಾಹಿಯ ವಿದ್ಯುದಾಗಾರ ಪೂರ್ಣ ಸಾಮರ್ಥ್ಯದಲ್ಲಿ ಒಂದು ಗಂಟೆ ನಡೆದರೆ, ನಷ್ಟವನ್ನು ಬಿಟ್ಟು, ಅಂತಹ 2 ಕೋಟಿ 87 ಲಕ್ಷ ಬ್ಯಾಟರಿಗಳು ತುಂಬುತ್ತವೆ! ಆದರೂ ಒಂದು ಗಾಳಿಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ ನಿಮ್ಮ ಒಂದೇ ಒಂದು ಬ್ಯಾಟರಿಯೂ ತುಂಬದು. ನಾಗಮಂಡಲ ಒಂದು ಕುಟುಂಬದಲ್ಲಿ ಮತ್ತೆ ನಡೆಯಲು ಒಂದು ತಲೆಮಾರೇ ಕಳೆಯಬಹುದು. ಬರೆದ ಮಂಡಲವಾದರೋ ಬೆಳಗಾಗುವಷ್ಟರಲ್ಲಿ ಅಳಿಸಿಹೋಗುತ್ತದೆ.

ಆದ್ದರಿಂದ ನನ್ನ ಸಲಹೆಗಳಿವು. ಕ್ಯಾಮೆರಾ ಕಂಪೆನಿಯದೇ ಆದ ಮೂರು ಬ್ಯಾಟರಿಗಳಿರಲಿ. ಎರಡನ್ನು ಒಟ್ಟಿಗೆ ತುಂಬಿಸುವ ಚಾರ್ಜರ್ ಇದ್ದರೆ ಸಮಯ ಉಳಿಯುತ್ತದೆ. ಬೇರೆ ದೇಶದ ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ನಮ್ಮ 230 ವೋಲ್ಟಿಗೆ ಧಾರಾಳವಾಗಿ ಆಗುತ್ತದೆ. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ಮಾತ್ರ ಸಾಕು. ಇತ್ತೀಚಿನ ಕ್ಯಾಮೆರಾಗಳನ್ನು ಯುಎಸ್‌ಬಿ-ಸಿ ತಂತಿಯ ಮೂಲಕ ಪವರ್ ಬ್ಯಾಂಕಿನಿಂದಲೂ ತುಂಬಬಹುದು. 20,000 ಮಿಲಿಆಂಪ್-ಗಂಟೆಯ ಪವರ್ ಬ್ಯಾಂಕ್ ಎಂದರೆ 74 ವಾಟ್-ಗಂಟೆ. ಸೋರಿಕೆ ಕಳೆದು ಮೂರು ಬ್ಯಾಟರಿಗಳಿಗೆ ಸಾಲುತ್ತದೆ. ವಿಮಾನದಲ್ಲಿ 100 ವಾಟ್-ಗಂಟೆಯವರೆಗಿನದನ್ನು ಒಯ್ಯಬಹುದು, ಆದರೆ ಬಿಡಿ ಬ್ಯಾಟರಿಗಳೂ ಪವರ್ ಬ್ಯಾಂಕೂ ಕೈಚೀಲದಲ್ಲೇ ಇರಬೇಕು. ಒಂದೆಡೆ ನಿಂತು ಇಡೀ ರಾತ್ರಿ ತೆಗೆಯುವವರಿಗೆ ಬ್ಯಾಟರಿಯ ಜಾಗದಲ್ಲಿ ಕೂರಿಸಿ ಇನ್ವರ್ಟರಿನಿಂದ ನಡೆಸುವ ಹುಸಿ ಬ್ಯಾಟರಿಯೂ ದೊರೆಯುತ್ತದೆ.

ಕರಾವಳಿಗೆಂದೇ ಇನ್ನೆರಡು ಮಾತು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದೊಡನೆ ಚಾರ್ಜರನ್ನು ಪ್ಲಗ್ಗಿನಿಂದ ಕಿತ್ತುಬಿಡಿ; ಸಿಡಿಲಿಗೆ ಯಾವ ರಕ್ಷಕವೂ ಪೂರ್ತಿ ಅಡ್ಡ ನಿಲ್ಲದು. ಮರವಂತೆ, ಬೈಂದೂರಿನ ಕಡಲತಡಿಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬ್ಯಾಟರಿ ಬಿಡಬೇಡಿ. ಬಹುಕಾಲ ಬಳಸದಿದ್ದರೆ ಅರ್ಧ ತುಂಬಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ತಣ್ಣಗೆ ಇಡಿ.

ಕೊನೆಯದಾಗಿ, ಇತಿಹಾಸ ಕಲಿಸುವ ಎಚ್ಚರವೊಂದಿದೆ. 1957ರ ಯಾಂತ್ರಿಕ ಕ್ಯಾಮೆರಾಕ್ಕೆ ಇಂದೂ 120 ಫಿಲ್ಮ್ ಹಾಕಿ ಚಿತ್ರ ತೆಗೆಯಬಹುದು. ಆ ಫಿಲ್ಮ್ ಈಗಲೂ ತಯಾರಾಗುತ್ತಿದೆ. ಡಿಜಿಟಲ್ ಕ್ಯಾಮೆರಾದ ಆಯುಸ್ಸು ಮಾತ್ರ ಅದರ ಬ್ಯಾಟರಿಯನ್ನು ಮಾಡುವವರು ಇರುವವರೆಗೆ. ಬ್ಯಾಟರಿ ಸಿಗದಾದ ದಿನ ಲಕ್ಷಾಂತರ ರೂಪಾಯಿಯ ಯಂತ್ರ ಕಪಾಟಿನ ಅಲಂಕಾರವಾಗುತ್ತದೆ. ಚಿತ್ರಗಳನ್ನು ನೋಡಲು ಬೇಕಾದ ಕಂಪ್ಯೂಟರಿಗೂ ಕರೆಂಟೇ ಬೇಕು. ಹಾಗಾಗಿ ತೆಗೆದ ಸಾವಿರ ಚಿತ್ರಗಳಲ್ಲಿ ಹತ್ತನ್ನಾದರೂ ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಇಸವಿಯನ್ನೂ ಚಿತ್ರದಲ್ಲಿರುವವರ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದಿಡಿ. ನಿಮ್ಮ ಮೊಮ್ಮಕ್ಕಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿಯಾರು.